ಉಳಿದ ಉಸಿರು

ಘಟಪ್ರಭೆಯ ದಡದಲ್ಲಿ, ದೋಣಿಗೆ ಕಾಯುವವರು ತಂಗುವ ಒಂದು ಮಣ್ಣಿನ ಛತ್ರವಿತ್ತು. ಪೂಜ್ಯ ತುಳಜಮ್ಮ ತಾಯಿಯವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲಿಯೇ. ಅವರ ಗದ್ದುಗೆ ಎಂದರೆ ಒಂದು ಗೋಣಿಚೀಲ. ತಪಸ್ಸೆಂದರೆ ಬಂದವರಿಗೆ ಗಂಜಿ ಕಾಯಿಸುವುದು. ಉಬ್ಬಸ ಎದೆ ಹಿಂಡುತ್ತಿದ್ದರೂ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ.

ಒಂದು ಶ್ರಾವಣದ ಮಧ್ಯಾಹ್ನ ಬಿಂದಾಚಾರ್ಯರು ಬಸುರಿ ಮಗಳು ಅಂಬಕ್ಕನನ್ನು ಹೆರಿಗೆಗೆಂದು ತವರಿಗೆ ಕರೆದೊಯ್ಯುತ್ತ ಅಲ್ಲಿಗೆ ಬಂದರು. ಹೊಳೆ ತುಂಬಿ ದೋಣಿ ನಿಂತಿತ್ತು. ಅಂಬಕ್ಕನ ಚೊಚ್ಚಲ ಕೂಸು ಅಳದೆಯೇ ಮಣ್ಣು ಸೇರಿತ್ತು. ಈ ಸಲವಾದರೂ ಮಡಿಲು ತುಂಬಲೆಂದು ಆಚಾರ್ಯರು ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದರು.

ಆಚಾರ್ಯರು ಘನ ವಿದ್ವಾಂಸರು. ಪ್ರಾಣ, ಅಪಾನಗಳ ಮೇಲೆ ಪ್ರವಚನಕ್ಕೆ ಕುಳಿತರೆ ದೀಪದ ಎಣ್ಣೆ ತೀರಬೇಕು, ಅವರ ಮಾತು ತೀರದು. ಮಡಿಯಲ್ಲಂತೂ ಕೆಂಡದಂಥವರು. ತಾಯಿಯವರು ನೆಲಕ್ಕೆ ಬಾಗಿ, ಊದುಗೊಳವೆಯೂ ಇಲ್ಲದೆ, ಬಾಯಿಂದಲೇ ಒಲೆ ಊದುತ್ತಿದ್ದುದನ್ನು ಕಂಡು ಅವರು ಹೊಸ್ತಿಲಲ್ಲೇ ನಿಂತುಬಿಟ್ಟರು.

“ಅಗ್ನಿಗೆ ಬಾಯಿ ಉಸಿರೇನವಾ? ಒಳಗ ಹೋಗಿ ಹೊರಗ ಬಂದದ್ದು ಎಂಜಲು. ಈ ಒಲೀ ಮ್ಯಾಲಿನ ಗಂಜಿ ನಾವು ಮುಟ್ಟಂಗಿಲ್ಲ.”

ತಾಯಿಯವರು ಮುನಿಯಲಿಲ್ಲ. “ಹಸಿ ಕಟ್ಟಿಗಿ, ಆಚಾರ್ಯರ. ಊದದಿದ್ರ ಹತ್ತಂಗಿಲ್ಲ” ಎಂದಷ್ಟೇ ನುಡಿದು ಮತ್ತೆ ಬಾಗಿದರು. ಆಚಾರ್ಯರು ಮಗಳನ್ನೂ ಉಣ್ಣಗೊಡದೆ ಜಗಲಿಯ ತುದಿಯಲ್ಲಿ ಕೂರಿಸಿದರು.

ಬೇನೆಗೆ ಮಡಿಯಿಲ್ಲ, ಮುಹೂರ್ತವಿಲ್ಲ. ಸಂಜೆಯಾಗುವ ಮೊದಲೇ ಅಂಬಕ್ಕನಿಗೆ ನೋವು ಬಂತು. ತಾಯಿಯವರು ಸೀರೆಯ ಮರೆ ಕಟ್ಟಿ ಆಕೆಯನ್ನು ಒಳಗೆ ಮಲಗಿಸಿದರು. ಆಚಾರ್ಯರು ಹೊರಗೆ ನಿಂತು ಅಳುವಿಗಾಗಿ ಕಿವಿಗೊಟ್ಟರು. ಕೂಸು ಹುಟ್ಟಿತು, ಅಳು ಮಾತ್ರ ಕೇಳಲಿಲ್ಲ.

ಗರ್ಭದಲ್ಲಿರುವಷ್ಟು ಕಾಲ ಕೂಸಿಗೆ ಮೂಗಿನ ಹಂಗಿಲ್ಲ. ತಾಯಿ ಎಳೆದ ಗಾಳಿಯ ಸತ್ವವೇ ಅವಳ ರಕ್ತದಿಂದ ಹೊಕ್ಕುಳಬಳ್ಳಿಗೆ ಹರಿದು ಅದನ್ನು ಕಾಯುತ್ತದೆ. ಶ್ವಾಸಕೋಶಗಳೆರಡೂ ನೀರು ತುಂಬಿಕೊಂಡು ಮಲಗಿರುತ್ತವೆ. ಹೊರಬಂದ ಗಳಿಗೆಯಲ್ಲಿ ಪಕ್ಕೆಲುಬಿನಡಿಯ ವಪೆಯೆಂಬ ಸ್ನಾಯು ಕೆಳಗೆ ಜಗ್ಗಬೇಕು, ಎದೆ ಹಿಗ್ಗಬೇಕು, ಗಾಳಿ ಒಳನುಗ್ಗಿ ಆ ನೀರನ್ನು ಸರಿಸಬೇಕು. ಮನುಷ್ಯ ಬದುಕಿನಲ್ಲಿ ಎಳೆಯುವ ಅತಿ ಕಷ್ಟದ ಉಸಿರು ಅದೇ. ಈ ಕೂಸಿಗೆ ಅದು ಸಾಧ್ಯವಾಗಲಿಲ್ಲ.

ತಾಯಿಯವರು ಅದರ ಬಾಯಿ ಒರೆಸಿದರು, ಬೆನ್ನು ಉಜ್ಜಿದರು. ಮಿಸುಕಲಿಲ್ಲ. ಆಗ ಕೂಸಿನ ಬಾಯಿ, ಮೂಗುಗಳ ಮೇಲೆ ತಮ್ಮ ಬಾಯಿಯಿಟ್ಟು ಮೆಲ್ಲಗೆ ಊದಿದರು. ಪುಟ್ಟ ಎದೆ ಏರಿತು, ಇಳಿಯಿತು. ಅಷ್ಟರಲ್ಲಿ ಉಬ್ಬಸ ಕೆರಳಿ ಕೆಮ್ಮು ಅವರನ್ನು ಎರಡಾಗಿ ಮಡಚಿತು.

“ಆಚಾರ್ಯರ! ನನ್ನ ಉಸಿರು ಸಾಲವಲ್ದು. ಬರ್ರಿ, ನೀವು ಊದ್ರಿ.”

ಹೆರಿಗೆಯ ಕೋಣೆ, ಹೆಜ್ಜೆಯಿಟ್ಟರೆ ಮೈಲಿಗೆ. ಓದಿದ ಶಾಸ್ತ್ರವೆಲ್ಲ ಆಚಾರ್ಯರ ಕಾಲು ಹಿಡಿದು ಎಳೆಯಿತು. ಒಳಗಿನಿಂದ ಮಗಳು “ಅಪ್ಪಾ” ಎಂದಳು. ಅವರು ಮರೆ ಸರಿಸಿ ಒಳಹೊಕ್ಕರು.

ಮೊಣಕಾಲೂರಿದವರು ಕೂಸಿನ ನೀಲಿ ತುಟಿ ನೋಡಿ ತಾಯಿಯವರತ್ತ ತಿರುಗಿದರು. “ನಾ ಬಿಟ್ಟ ಉಸಿರಿನಾಗ ಏನದ, ತಾಯಿ?”

“ನಾವು ಬಿಟ್ಟ ಉಸಿರಿನಾಗೂ ಇನ್ನೊಂದು ಜೀವಕ್ಕ ಸಾಕಾಗುವಷ್ಟು ಉಳಿದಿರ್ತದ. ಎದೀ ತುಂಬ ಬ್ಯಾಡ, ಗಲ್ಲದಾಗಿನ ಗಾಳಿ ಸಾಕು. ಊದ್ರಿ.”

ಅವರು ಊದಿದರು. ಎದೆ ಏರುವುದನ್ನು ಕಂಡು ಬಾಯಿ ತೆಗೆದರು, ಅದು ಇಳಿದೊಡನೆ ಮತ್ತೆ ಊದಿದರು. ತುಟಿಯ ನೀಲಿ ಕರಗಿ ಕೆಂಪಾಯಿತು. ಕೂಸು ಒಮ್ಮೆ ಬಿಕ್ಕಿತು, ಮುಖ ಸಿಂಡರಿಸಿತು, ಛತ್ರವೇ ಎದ್ದು ಕೂರುವಂತೆ ಚೀರಿತು. ಆಚಾರ್ಯರು ಗೋಡೆಗೆ ಹಣೆಯಿಟ್ಟು ಮಕ್ಕಳ ಹಾಗೆ ಅತ್ತರು.

ಬೆಳಗಾಯಿತು. ತಾಯಿಯವರು ಎದ್ದು ನೋಡುತ್ತಾರೆ, ಆಚಾರ್ಯರು ಒಲೆಯ ಮುಂದೆ ನೆಲಕ್ಕೆ ಬಾಗಿದ್ದಾರೆ! ಹಣೆಯ ಮುದ್ರೆಯ ಮೇಲೆಲ್ಲ ಬೂದಿ, ಕಣ್ಣು ಕೆಂಪು. ಬಾಣಂತಿಗೆಂದು ಗಂಜಿಯ ಗಡಿಗೆ ಏರಿಸಿದ್ದರು. ಪಕ್ಕದಲ್ಲಿ ತಮಗೂ ಒಂದು ಬಟ್ಟಲು ಇಟ್ಟುಕೊಂಡಿದ್ದರು.

“ಕಟ್ಟಿಗಿ ಇನ್ನೂ ಹಸಿ ಅದ, ಆಚಾರ್ಯರ,” ಎಂದರು ತಾಯಿಯವರು.

“ಹೌದು ತಾಯಿ. ಊದದಿದ್ರ ಹತ್ತಂಗಿಲ್ಲ,” ಎಂದು ಅವರು ಮತ್ತೆ ಬಾಗಿ ಊದಿದರು.