ಫಿಲ್ಟರಿನ ತಳದ ನೀರು

"ಗುರುಗಳೇ, ಕೈ ಒಂದು ಕೆಲಸ ಮಾಡುತ್ತಿರುವಾಗ ಮನಸ್ಸು ಬೇರೆಲ್ಲೋ ಇದ್ದರೆ ಆ ಕೆಲಸ ಕಪಟವಲ್ಲವೇ?" ಎಂದು ಶಿಷ್ಯ ಮೃತ್ಯುಂಜಯ ಕೇಳಿದ.

ಅವನು ಮಠಕ್ಕೆ ಬಂದು ಒಂದು ವರ್ಷವಾಗಿತ್ತು. ನೀರು ಸೇದುವಾಗಲೂ ಅಂಗಳ ಗುಡಿಸುವಾಗಲೂ ಅವನಿಗೆ ಊರಿನಲ್ಲಿ ಬಿಟ್ಟುಬಂದ ತಂಗಿಯದೇ ನೆನಪು. ಇಂಥ ಸೇವೆ ದೇವರಿಗೆ ಮುಟ್ಟುತ್ತದೆಯೇ ಎಂಬುದು ಅವನ ಸಂಕಟ.

ಗುರುಗಳು ನಕ್ಕರು. ದೇವರಿಗೆ ಮುಟ್ಟದಿದ್ದರೆ ಹೋಗಲಿ, ಅಂಗಳವಾದರೂ ಚೊಕ್ಕಟವಾಗುತ್ತದಲ್ಲ ಎಂದರು. ಆಮೇಲೆ ಈ ಕತೆ ಹೇಳಿದರು.

ಹಿಮದ ಗಡಿಯಲ್ಲಿ ಸೇನೆಯ ಒಬ್ಬ ಡ್ರೈವರ್ ಇದ್ದ. ಅವನ ಠಾಣೆಗೆ ಇದ್ದದ್ದು ಒಂದೇ ಲಾರಿ. ಅಲ್ಲಿ ಡೀಸೆಲ್ ಲಾರಿಗೆ ನೀರೇ ಶತ್ರು. ಟ್ಯಾಂಕು ಅರ್ಧ ಖಾಲಿಯಿದ್ದರೆ ಚಳಿಗೆ ಅದರ ಒಳಮೈ ಬೆವರುತ್ತದೆ. ಆ ನೀರು ಇಳಿದು ಡೀಸೆಲ್ ಸೋಸುವ ಫಿಲ್ಟರಿನ ತಳದಲ್ಲಿ ನಿಂತು ಹೆಪ್ಪುಗಟ್ಟಿದರೆ ಲಾರಿ ನಡುದಾರಿಯಲ್ಲಿ ಕೈಕೊಡುತ್ತದೆ. ಅದಕ್ಕೇ ಸಂಜೆ ಟ್ಯಾಂಕಿಗೆ ಬಾಯಿವರೆಗೆ ಡೀಸೆಲ್ ತುಂಬಿಸಬೇಕು, ಬೆಳಿಗ್ಗೆ ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಬಸಿಯಬೇಕು. ಒಂದೂವರೆ ವರ್ಷ ಅವನು ಇದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಅವನಿಗೊಬ್ಬಳು ಮಗಳಿದ್ದಳು. ಅವನು ಇನ್ನೂ ಅವಳ ಮುಖ ನೋಡಿರಲಿಲ್ಲ. ಎರಡು ಸಲ ರಜೆ ಮಂಜೂರಾಗಿ ರದ್ದಾಗಿತ್ತು. ಖಾಕಿ ತೊಟ್ಟ ಅಂಚೆಯವನನ್ನು ಕಂಡರೆ ಮಗು 'ಅಪ್ಪ' ಎಂದು ಓಡುತ್ತಾಳೆ ಎಂದು ಹೆಂಡತಿ ಬರೆದಿದ್ದಳು. ಅವನು ಆ ಕಾಗದವನ್ನು ಎಲ್ಲರಿಗೂ ಓದಿ ಹೇಳಿ ನಕ್ಕ. ಆ ದಿನ ಊಟ ಮಾಡಲಿಲ್ಲ.

ಕೊನೆಗೂ ರಜೆ ಸಿಕ್ಕಿತು. ಅವನ ಜಾಗಕ್ಕೆ ಹೊಸ ಡ್ರೈವರ್ ಬಂದ. ಹಿಮ ಬಿದ್ದು ಘಟ್ಟದ ದಾರಿ ಮುಚ್ಚುವ ಮುಂಚೆ ಕೆಳಗಿಳಿಯುವ ಸೇನೆಯ ಗಾಡಿಗಳ ಕೊನೆಯ ಸಾಲು, ಕೊನೆಯ ಕಾನ್ವಾಯ್, ಮರುದಿನ ಬೆಳಿಗ್ಗೆ ಹೊರಡುವುದಿತ್ತು. ಅದು ತಪ್ಪಿದರೆ ಮತ್ತೆ ಐದು ತಿಂಗಳು ಅಲ್ಲೇ. ಆ ಸಂಜೆ ಅವನು ಟ್ರಂಕು ತುಂಬಿಸಿದ, ಮಗುವಿಗೆಂದು ಕೊಂಡಿದ್ದ ಉಣ್ಣೆಯ ಟೋಪಿಯನ್ನು ಎಲ್ಲಕ್ಕಿಂತ ಮೇಲಿಟ್ಟ. ಲಾರಿಯ ಟ್ಯಾಂಕು ತುಂಬಿಸುವುದನ್ನು ಮರೆತ.

ಬೆಳಿಗ್ಗೆ ತಿರುಪು ಸಡಿಲಿಸಿದರೆ ಒಂದು ಹನಿಯೂ ಇಳಿಯಲಿಲ್ಲ. ತಳದಲ್ಲಿ ನೀರು ಗಡ್ಡೆಕಟ್ಟಿತ್ತು. ಬಿಸಿನೀರಿನ ಬಟ್ಟೆ ಸುತ್ತಿ ಕರಗಿಸಬೇಕು, ಬಸಿಯಬೇಕು, ಆಮೇಲೆ ಕೈಪಂಪು ಒತ್ತಿ ಒತ್ತಿ ಕೊಳವೆಯೊಳಗೆ ಸೇರಿದ ಗಾಳಿ ತೆಗೆಯಬೇಕು. ಹೊಸಬ ಇಂಥದ್ದನ್ನು ಕಂಡವನೇ ಅಲ್ಲ. ಕಾನ್ವಾಯಿನ ಹವಾಲ್ದಾರ ಎರಡು ಸಲ ಹಾರ್ನ್ ಹೊಡೆಸಿ, ತಾನೇ ಇಳಿದು ಬಂದ.

"ಬರ್ತೀಯೋ ಇಲ್ವೋ? ಇನ್ನು ಅದು ನಿನ್ನ ಗಾಡಿ ಅಲ್ಲ."

"ಇದು ನಾನು ಮಾಡಿದ ಎಡವಟ್ಟು ಸಾಬ್. ಹೀಗೇ ಅವನ ಕೈಗೆ ಕೊಟ್ಟು ಹೇಗೆ ಬರಲಿ?"

ಕಾನ್ವಾಯ್ ಹೊರಟುಹೋಯಿತು. ಅವನು ಅಳುತ್ತಲೇ ಪಂಪು ಒತ್ತಿದ.

ದೊಡ್ಡ ತ್ಯಾಗಿ ಎಂದುಕೊಳ್ಳಬೇಡ. ಆ ಚಳಿಗಾಲವೆಲ್ಲ ಅವನು ಲಾರಿಯನ್ನು ಬಾಯಿಗೆ ಬಂದಂತೆ ಬೈದ. ಹೊಸಬನಿಗೆ ಕೆಲಸ ಕಲಿಸುತ್ತಲೂ ಬೈದ. ಬೆಳಿಗ್ಗೆ ನೀರು ಬಸಿಯುವಾಗ ಅವನ ಮನಸ್ಸು ಸಾವಿರ ಮೈಲಿ ಆಚೆ, ಅಂಚೆಯವನ ಹಿಂದೆ ಓಡುವ ಮಗಳ ಹತ್ತಿರ ಇರುತ್ತಿತ್ತು. ಆದರೆ ಟ್ಯಾಂಕು ತುಂಬಿಸುವುದನ್ನು ಮತ್ತೆ ಮರೆಯಲಿಲ್ಲ.

ಚಳಿಗಾಲದ ನಡುವೆ ಒಬ್ಬ ಸಿಪಾಯಿಯ ಶ್ವಾಸಕೋಶದಲ್ಲಿ ನೀರು ತುಂಬಿತು. ಆ ಎತ್ತರದಲ್ಲಿ ಅದು ಬರುವ ಕಾಯಿಲೆ. ಬೇಗ ಕೆಳಗಿಳಿಸದಿದ್ದರೆ ಮನುಷ್ಯ ಉಳಿಯುವುದಿಲ್ಲ. ಘಟ್ಟದ ಈಚೆಗೇ, ಹನ್ನೊಂದು ಮೈಲಿ ಕೆಳಗೆ ಸೇನೆಯ ಆಸ್ಪತ್ರೆಯಿತ್ತು. ಡ್ರೈವರ್ ಅವನನ್ನು ಲಾರಿಯಲ್ಲಿ ಮಲಗಿಸಿದ. ಲಾರಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ಸಿಪಾಯಿ ಬದುಕಿದ.

ಹಿಮ ಕರಗಿದ ಮೇಲೆ ಡ್ರೈವರ್ ಊರಿಗೆ ಹೋದ. ಮಗಳು ಅವನನ್ನು ಕಂಡು ಹೆದರಿ ತಾಯಿಯ ಸೆರಗು ಹಿಡಿದಳಂತೆ. ಮೂರು ದಿನ ಹತ್ತಿರ ಬರಲಿಲ್ಲವಂತೆ. ಟೋಪಿ ತಲೆಗೆ ಸಾಲಲಿಲ್ಲವಂತೆ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಹಾಗಾದರೆ ಆ ಡ್ರೈವರನ ಮನಸ್ಸು ಕೆಲಸದಲ್ಲಿ ಇರಲೇ ಇಲ್ಲವಲ್ಲ, ಅದು ಕಪಟವೇ ಆಯಿತಲ್ಲ ಎಂದ.

ಗುರುಗಳು ಹೇಳಿದರು: "ಆ ಲಾರಿಯಲ್ಲಿ ಮಲಗಿ ಇಳಿದವನು ನಾನು ಕಣಪ್ಪ; 'ನಿನ್ನ ಮನಸ್ಸು ಎಲ್ಲಿದೆ' ಎಂದು ಆ ಡ್ರೈವರನನ್ನು ಕೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ."