ಗಿಣಿ ಮಣೆಯ ಬಿರುಕು

"ಉಸ್ತಾದ್ರೆ, ನಂಬಿದ್ ಕಂಪ್ನಿ ಪರವಾಗಿ ನಿಂತ್ಕೊಳ್ಳೋದು ತಪ್ಪಾ?"

ಲೋಹಿತ ಹೀಗ್ ಕೇಳಿದ್ದು ಗರಡಿ ಮನೇಲಿ, ಸಾಮು ಮುಗಿಸಿ ಎಲ್ರೂ ಮೈಗಂಟಿದ ಕೆಮ್ಮಣ್ಣು ಉದುರಿಸ್ಕೊಂಡು ಕೂತಿದ್ದಾಗ. ಕೇಳಿದ್ದಾದ್ರೂ ಹೆಂಗೆ ಅಂತೀರಿ! ತಪ್ಪಲ್ಲ ಮಗಾ ಅಂತ ಉಸ್ತಾದ್ರು ಹೇಳೇ ಹೇಳ್ತಾರೆ, ಹೇಳಿದ್ ಮೇಲೆ ಜಯಂತನ ಮುಖ ನೋಡಿ ನಗ್ಬೋದು ಅನ್ನೋ ಧೈರ್ಯದಲ್ಲಿ, ಎದೆ ಉಬ್ಬಿಸ್ಕೊಂಡು ಕೇಳ್ದ.

ವಿಷಯ ಏನಂದ್ರೆ, ಲೋಹಿತ, ಜಯಂತ ಇಬ್ರೂ ಒಂದೇ ಕಂಪ್ನಿ ಗೇಮ್ ಪೆಟ್ಟಿಗೆ ತಗೊಂಡಿದ್ರು. ಅದೇ, ಟೀವಿಗೆ ಸಿಕ್ಕಿಸ್ಕೊಂಡು ಆಡೋ ಕನ್ಸೋಲು. ಇನ್ನೊಂದು ಕಂಪ್ನಿ ಪೆಟ್ಟಿಗೆ ಇಟ್ಕೊಂಡಿರೋ ಹುಡುಗ್ರದ್ದು ಬೇರೆ ಗುಂಪು. ಆ ಗುಂಪಿಗೂ ಈ ಗುಂಪಿಗೂ ಫೋನಲ್ಲಿ ದಿನಾ ಕಚ್ಚಾಟ. ನಿಮ್ದು ಡಬ್ಬ, ನಿಮ್ದು ತಗಡು, ಹಿಂಗೇ. ಇದ್ರ ಮಧ್ಯೆ ಜಯಂತ ಎಲ್ರೂ ನೋಡೋ ಕಡೆ, 'ನನ್ ಪೆಟ್ಟಿಗೆ ಆಡ್ತಾ ಆಡ್ತಾನೇ ಕಾದು ಆಫ್ ಆಗೋಗುತ್ತೆ ಕಣ್ರೋ, ಕಂಪ್ನಿಯೋರು ಕೇಳಿದ್ರೆ ಉತ್ರ ಕೊಡಲ್ಲ, ನಿಮ್ದೆಲ್ಲ ಹೆಂಗಿದೆ?' ಅಂತ ಬರೆದ್ಬಿಟ್ಟ. ಅಷ್ಟೇ ಅವನು ಮಾಡಿದ್ದು! ಲೋಹಿತ ಅವನನ್ನ ದ್ರೋಹಿ ಅಂದ. ಆ ಕಡೆಯೋರಿಗೆ ಮಾರ್ಕೊಂಡವ್ನೆ ಅಂದ. ಗುಂಪಿಂದ ಕಿತ್ತಾಕಿಸ್ದ, ಟೂರ್ನಮೆಂಟ್ ತಂಡದಿಂದ್ಲೂ ಕಿತ್ತಾಕಿಸ್ದ. ಒಂದೇ ಕುಸ್ತಿ ಮಟ್ಟೀಲಿ ಬಿದ್ದು ಎದ್ದು ಬೆಳೆದ ಜೋಡಿ ಅದು, ಈಗ ಇವನು ಈ ಮೂಲೆ, ಅವನು ಆ ಮೂಲೆ, ಒಬ್ರ ಕೈ ಒಬ್ರು ಹಿಡೀತಿರ್ಲಿಲ್ಲ.

ಉಸ್ತಾದ್ ತಮ್ಮಯ್ಯನೋರು ಹೆಗಲ ಮೇಲಿನ ಟವಲ್ ತೆಗೆದು ಮುಖ ಒರೆಸ್ಕೊಂಡ್ರು.

"ಗೇಮು ಗೀಮು ನಂಗೊತ್ತಿಲ್ಲ ಕಣಪ್ಪ. ಮಣೆ ಕತೆ ಒಂದ್ ಗೊತ್ತು, ಕೂತ್ಕೊ" ಅಂದ್ರು. ಆಮೇಲೆ ಹೇಳಿದ್ರು.

ಒಂದೂರು. ಆ ಊರೋರಿಗೆ ಅಳಗುಳಿಮಣೆ ಅಂದ್ರೆ ಪ್ರಾಣ. ಉದ್ದನೆ ಮರದ ಮಣೆ, ಆ ಕಡೆ ಒಂದು ಸಾಲು ಗುಳಿ, ಈ ಕಡೆ ಒಂದು ಸಾಲು ಗುಳಿ, ಎದುರುಬದುರು ಕೂತು ಹುಣಸೆಬೀಜ ಹಾಕ್ಕೊಂಡು ಸುತ್ತು ಬರೋ ಆಟ. ಊರಲ್ಲಿ ಮಣೆ ಮಾರೋ ವ್ಯಾಪಾರಿಗಳು ಇಬ್ರೇ. ಒಬ್ಬನ ಮಣೆ ತುದೀಲಿ ಗಿಣಿ ಕೆತ್ತಿರೋದು. ಇನ್ನೊಬ್ಬನದ್ರಲ್ಲಿ ಮೀನು. ಮಣೆ ಮಾತ್ರ ಎರಡೂ ಒಂದೇ ಥರ, ಎಣ್ಣೆ ಕುಡಿಸಿ ಕರ್ರಗೆ ಮಾಡಿದ ಹಲಸಿನ ಮರ.

ಗಿಣಿ ಮಣೆ ತಗೊಂಡೋರು ಗಿಣಿಯೋರಾದ್ರು, ಮೀನಿನ ಮಣೆ ತಗೊಂಡೋರು ಮೀನೋರಾದ್ರು. ತಗೊಂಡಿದ್ದು ಒಂದು ಮಣೆ ಸ್ವಾಮಿ, ಆಟ ಆಡೋ ಮಣೆ! ಅಷ್ಟಕ್ಕೇ ಬಾಗಿಲ ಮೇಲೆ ಗಿಣಿ ಬರೆಸ್ಕೊಂಡ್ರು, ತೋಳ ಮೇಲೆ ಹಚ್ಚೆ ಹಾಕಿಸ್ಕೊಂಡ್ರು. ಬಾವಿ ಹತ್ರ ಸಿಕ್ಕಿದ್ರೂ ಜಗಳ.

"ನಿಮ್ ಮೀನು ನೀರಿಂದಾಚೆ ಬಂದ್ರೆ ಸಾಯುತ್ತೆ ಕಣ್ರೋ!"

"ನಿಮ್ ಗಿಣಿಗೆ ಹೇಳ್ಕೊಟ್ಟಿದ್ ಬಿಟ್ರೆ ಇನ್ನೇನ್ರೋ ಬರುತ್ತೆ?"

ವ್ಯಾಪಾರಿಗಳಿಬ್ರೂ ಅಂಗಡಿ ಒಳಗೆ ಕೂತು ಎಲೆಅಡಿಕೆ ಹಾಕ್ಕೊಳ್ಳೋರು. ಇವ್ರಿಗೆ ಬೀದೀಲಿ ಕೂಗಿ ಮಾರೋ ಕೆಲಸಾನೇ ಇರ್ಲಿಲ್ಲ. ಕೊಂಡೋರೇ ಪುಕ್ಸಟ್ಟೆ ಕೂಗ್ತಿದ್ರಲ್ಲ!

ಆ ಊರಲ್ಲಿ ಒಬ್ಬ ರೈತ, ಅವನ ಅಕ್ಕನ ಗಂಡ ಒಬ್ಬ ನೇಕಾರ. ಇಬ್ರೂ ಗಿಣಿಯೋರೇ. ಹೊತ್ತು ಇಳೀತು ಅಂದ್ರೆ ರೈತನ ಜಗಲಿ ಮೇಲೆ ಇಬ್ರೂ ಮಣೆ ಹಾಕ್ಕೊಂಡು ಕೂರೋರು. ರೈತ ಸೋತ್ರೆ 'ಭಾವ, ನೀನ್ ಬೀಜ ಕದ್ದೆ' ಅನ್ನೋನು. ನೇಕಾರ ಸೋತ್ರೆ 'ನಿನ್ ಹೆಂಡ್ತಿ ಒಳಗಿಂದ ಸನ್ನೆ ಮಾಡಿದ್ಲು ಕಣೋ' ಅನ್ನೋನು. ಆ ಜಗಲೀಲಿ ನಗು ನಿಂತಿದ್ದೇ ಇಲ್ಲ.

ಬೇಸಿಗೆ ಬಂತು. ನೇಕಾರನ ಮನೆಯ ಗಿಣಿ ಮಣೆ ಉದ್ದುದ್ದಕ್ಕೆ ಬಿರೀತು. ಹಸಿ ಮರ! ಒಣಗೋಕೆ ಬಿಡದೆ ಕೆತ್ತಿ, ಎಣ್ಣೆ ಬಳಿದು ಮಾರಿದ್ದ ವ್ಯಾಪಾರಿ. ನೇಕಾರ ಅಂಗಡಿಗೆ ಹೋದ. ವ್ಯಾಪಾರಿ ತಲೆ ಎತ್ತದೆ ಹೇಳ್ದ, "ಒಲೆ ಪಕ್ಕ ಇಟ್ಟಿರ್ತೀಯ. ಇಡೀ ಊರಲ್ಲಿ ನಿಂದೊಂದೇ ಬಿರಿದಿರೋದು."

ನೇಕಾರನಿಗೆ ಗೊತ್ತಿತ್ತು ಅದು ಸುಳ್ಳು ಅಂತ. ಹಿಂದಿನ ಸಂಜೆ ತಾನೇ ರೈತನ ಮಣೇಲಿ ಆಡ್ವಾಗ ಹುಣಸೆಬೀಜ ಬಿರುಕಲ್ಲಿ ಸಿಕ್ಕಾಕ್ಕೊಂಡು, ಭಾವ ಭಾಮೈದ ಇಬ್ರೂ ಪೊರಕೆ ಕಡ್ಡಿ ಹಾಕಿ ಎಬ್ಬಿ ತೆಗೆದಿದ್ರು. ಅವನು ಊರ ಗೌಡನ ಹತ್ರ ಹೋಗಿ ದೂರು ಕೊಟ್ಟ. ಗೌಡ ಕಟ್ಟುನಿಟ್ಟಿನ ಮನುಷ್ಯ.

"ದೂರು ನಿಜ ಆದ್ರೆ ಎಲ್ರಿಗೂ ಹೊಸ ಮಣೆ ಕೊಡಿಸ್ತೀನಿ. ಸುಳ್ಳಾದ್ರೆ ಈ ವರ್ಷ ಪೂರ್ತಿ ನೀನು ಸಂತೇಲಿ ಬಟ್ಟೆ ಹರವೋ ಹಾಗಿಲ್ಲ. ಒಪ್ತೀಯಾ?"

ಸಂತೆ ಇಲ್ಲಾಂದ್ರೆ ನೇಕಾರನ ಮನೇಲಿ ಒಲೆ ಹತ್ತಲ್ಲ. ಆದ್ರೂ ಒಪ್ದ. ಯಾಕ್ ಒಪ್ಪಲ್ಲ? ಭಾಮೈದನ ಮಣೇನೇ ಸಾಕ್ಷಿಗೆ ಇತ್ತಲ್ಲ!

ಗಿಣಿ ಮಣೆ ಇರೋರೆಲ್ಲ ನಾಳೆ ಮಧ್ಯಾಹ್ನ ಅರಳೀಕಟ್ಟೆ ಹತ್ರ ಮಣೆ ತರ್ಬೇಕು ಅಂತ ಗೌಡ ಡಂಗುರ ಹೊಡೆಸ್ದ.

ಈಗ ಕೇಳಿ, ಇಲ್ಲೇ ನನ್ ಮೈ ಉರಿಯೋದು. ಮೀನೋರಿಗೆ ಸುದ್ದಿ ಮುಟ್ತು. 'ಗಿಣಿ ರೆಕ್ಕೆ ಮುರೀತಂತೆ, ನೋಡೋಕ್ ಹೋಗಣ ಬನ್ರೋ' ಅಂತ ಹೆಂಡ್ತಿ ಮಕ್ಳನ್ನೆಲ್ಲ ಕರ್ಕೊಂಡು ಹೊರಡೋಕೆ ತಯಾರಾದ್ರು. ಅದು ಗಿಣಿಯೋರ ಕಿವಿಗೆ ಬಿತ್ತು. ಬೆಳಿಗ್ಗೆ ಎದ್ದು ಒಬ್ಬೊಬ್ಬನೂ ಬಾಗಿಲು ಹಾಕ್ಕೊಂಡ. ಜೇನುಮೇಣ ಬಿಸಿ ಮಾಡ್ದ, ಕಾಡಿಗೆ ಕಲಸ್ದ, ಬಿರುಕಿಗೆ ತುಂಬ್ದ, ಅಂಗೈಲಿ ತಿಕ್ಕಿ ನುಣ್ಣಗೆ ಮಾಡ್ದ. ಪಕ್ಕದ ಮನೇಲೂ ಅದೇ ನಡೀತಿದೆ ಅಂತ ಒಬ್ಬನಿಗೂ ತಿಳೀಲಿಲ್ಲ. ನೇಕಾರನದ್ ಬಿಟ್ರೆ ನಂದೊಂದೇ ಬಿರಿದಿರೋದು, ನನ್ನಿಂದ ಗಿಣಿ ಮಾನ ಹೋಗ್ಬಾರ್ದು ಅಂತ ಎಲ್ರೂ ಅಂದ್ಕೊಂಡ್ರು. ಬಿರಿದ ಮಣೆ ಹೊಸದಾಗುತ್ತೆ ಅಂತ ಗೌಡನೇ ಬಾಯ್ಬಿಟ್ಟು ಹೇಳಿದಾನೆ, ಇವ್ರು ಮೇಣ ಮೆತ್ತುತ್ತಾ ಕೂತಿದಾರೆ! ಯಾರಿಗೋಸ್ಕರ? ಹಸಿ ಮರ ಮಾರಿದೋನಿಗೋಸ್ಕರ!

ರೈತನೂ ಮೆತ್ತಿದ.

ಮಧ್ಯಾಹ್ನ ಕಟ್ಟೆ ಹತ್ರ ಊರಿಗೂರೇ ಸೇರ್ತು. ಒಂದು ಕಡೆ ಗಿಣಿಯೋರು, ಇನ್ನೊಂದು ಕಡೆ ಮೀನೋರು. ಗೌಡ ಒಬ್ಬೊಬ್ರನ್ನೇ ಕರೆದು ಕೇಳ್ದ. ಒಬ್ಬೊಬ್ರೂ ಮಣೆ ಎತ್ತಿ ತೋರ್ಸಿದ್ರು.

"ಕೂದಲೆಳೆ ಬಿರುಕಿಲ್ಲ ಗೌಡ್ರೆ!"

"ನಮ್ ಮೊಮ್ಮಕ್ಕಳ ಕಾಲಕ್ಕೂ ಹಿಂಗೇ ಇರುತ್ತೆ!"

ಹಿಂಗೆ ಒಬ್ಬ ಅಂದಾಗೆಲ್ಲ ಗಿಣಿಯೋರು ಶಿಳ್ಳೆ ಹೊಡೆದ್ರು. ನೇಕಾರ ಬಿರಿದ ಮಣೆ ಕಂಕುಳಲ್ಲಿ ಇಟ್ಕೊಂಡು ನಿಂತಿದ್ದ. ಅವನ ಮುಖ ಬಿಳಿಚ್ಕೊಳ್ತಾ ಬಂತು. ಕಡೇಗೆ ರೈತನ ಸರದಿ.

"ಭಾಮೈದ," ಅಂದ ನೇಕಾರ, "ಬೇರೆಯೋರ್ ಮಾತ್ ಬಿಡು. ಮೊನ್ನೆ ಸಂಜೆ ನಿನ್ ಮಣೇಲಿ ಬೀಜ ಸಿಕ್ಕಾಕ್ಕೊಂಡಿತ್ತಲ್ಲ, ಇಬ್ರೂ ಸೇರಿ ತೆಗೆದ್ವಲ್ಲ. ಅದೊಂದ್ ಹೇಳೋ ಸಾಕು."

ರೈತ ಭಾವನ ಮುಖ ನೋಡ್ದ. ಆಮೇಲೆ ಮೀನೋರ ಕಡೆ ನೋಡ್ದ. ಅವ್ರಲ್ಲೊಬ್ಬ ಆಗ್ಲೇ ಬಾಯಿಗೆ ಕೈ ಅಡ್ಡ ಹಿಡಿದು ನಗೋಕೆ ಶುರು ಮಾಡಿದ್ದ.

"ಗಿಣಿ ಮಣೆ ಬಿರಿಯಲ್ಲ," ಅಂದ ರೈತ. "ಬಿರಿದ್ರೆ ಅದು ಇಟ್ಕೊಂಡೋನ ತಪ್ಪು."

ದೂರು ಸುಳ್ಳು ಅಂತ ಗೌಡ ತೀರ್ಪು ಕೊಟ್ಟ. ನೇಕಾರ ಬಿರಿದ ಮಣೆ ಎತ್ಕೊಂಡು, ಜನ ಬಿಟ್ಟ ದಾರೀಲಿ, ಒಬ್ಬನೇ ನಡ್ಕೊಂಡು ಹೋದ. ದ್ರೋಹಿ ದ್ರೋಹಿ ಅಂತ ಹಿಂದಿಂದ ಕೂಗಿದ್ದು ಮೀನೋರಲ್ಲ. ಗಿಣಿಯೋರು!

ಗೆದ್ದೋರು ಸುಮ್ನಿರ್ತಾರಾ? ಮಣೆಗಳನ್ನ ತಲೆ ಮೇಲೆ ಹೊತ್ಕೊಂಡು, ತಮಟೆ ಬಡ್ಕೊಂಡು, ವ್ಯಾಪಾರಿ ಅಂಗಡಿಗೆ ಮೆರವಣಿಗೆ ಹೊರಟ್ರು. ನೆತ್ತಿ ಸುಡೋ ಬಿಸಿಲು. ಅರ್ಧ ದಾರಿಗೆ ಮೇಣ ಕರಗ್ತು. ಒಬ್ಬನ ಹಣೆ ಮೇಲೆ ಕರ್ರಗೆ ಇಳೀತು, ಇನ್ನೊಬ್ಬನ ಮೂಗಿನ ಮೇಲೆ ಇಳೀತು, ರೈತನ ಕೆನ್ನೆ ಮೇಲೂ ಇಳೀತು. ಒಬ್ರ ಮುಖ ಒಬ್ರು ನೋಡ್ಕೊಂಡ್ರು. ಎಲ್ರ ಮಣೆನೂ ಬಿರಿದಿದೆ! ಎಲ್ರಿಗೂ ಗೊತ್ತಾಗೋಯ್ತು, ಅಲ್ಲೇ, ನಡು ಬೀದೀಲಿ.

ಆಗ್ಲಾದ್ರೂ ಹಿಂದಕ್ಕೆ ತಿರುಗ್ಬೋದಿತ್ತು. ಗೌಡ ಇನ್ನೂ ಕಟ್ಟೆ ಇಳಿದಿರ್ಲಿಲ್ಲ. ಒಬ್ಬ, ಒಬ್ಬನೇ ಒಬ್ಬ ಹೋಗಿ 'ತಪ್ಪಾಯ್ತು ಗೌಡ್ರೆ, ನೇಕಾರ ಹೇಳಿದ್ದು ನಿಜ' ಅಂದಿದ್ರೆ ಸಾಕಿತ್ತು. ಆದ್ರೆ ಮೀನೋರು ಹಿಂದೇನೇ ಬರ್ತಿದ್ರು.

"ಏನ್ರೋ ಅದು ಮುಖದ್ ಮೇಲೆ ಕರ್ರಗೆ?" ಅಂತ ಮೀನೋನೊಬ್ಬ ಕೇಳ್ದ.

"ಬೆವರು!" ಅಂದ ರೈತ.

"ಬೆವರು! ಬೆವರು!" ಅಂದ್ರು ಗಿಣಿಯೋರೆಲ್ಲ, ತಮಟೆ ಇನ್ನೂ ಜೋರಾಗಿ ಬಡೆದ್ರು.

ಅಂಗಡಿ ಬಂತು. ವ್ಯಾಪಾರಿ ಹೊಸಿಲ ಹತ್ರ ನಿಂತು ಕೈ ಮುಗಿದು ನಕ್ಕ. ರೈತ ಮುಂದೆ ನುಗ್ಗಿ, "ಸ್ವಾಮಿ, ನಿಮಗೋಸ್ಕರ ನನ್ ಸ್ವಂತ ಭಾವನ್ನೇ ಬಿಟ್ಕೊಟ್ಟೆ" ಅಂದ. ವ್ಯಾಪಾರಿ ಅವನನ್ನ ಮೇಲಿಂದ ಕೆಳಗೆ ನೋಡ್ದ.

"ಒಳ್ಳೇದಪ್ಪ. ಯಾರ್ ನೀನು?"

ಎಷ್ಟ್ ಸಲೀಸಾಗಿ ಕೇಳ್ಬಿಟ್ಟ ನೋಡಿ! ಹಚ್ಚೆ ಹಾಕಿಸ್ಕೊಂಡ ತೋಳು ಎದುರಿಗೇ ಇದೆ. ಹೊಟ್ಟೆ ತುಂಬಾ ಇಟ್ಕೊಂಡ ಅಭಿಮಾನ ಇದೆ. ವ್ಯಾಪಾರಿಗೆ ಅವನ ಹೆಸರೂ ಗೊತ್ತಿಲ್ಲ, ಊರಲ್ಲಿ ಯಾವ ಬೀದಿ ಅಂತ್ಲೂ ಗೊತ್ತಿಲ್ಲ!

ಆದ್ರೆ ವ್ಯಾಪಾರಿ ಕಣ್ಣು ಚುರುಕು. ಎಲ್ರ ಮುಖದ ಮೇಲೆ ಇಳೀತಿದ್ದದ್ದು ಏನಂತ ಅವನಿಗೆ ತಿಳೀತು. ಮಾರನೇ ದಿನ ಅಂಗಡಿ ಮುಂದೆ ಒಂದು ಬುಟ್ಟಿ ತುಂಬಾ ಕರಿ ಮೇಣದ ಉಂಡೆ ಇಟ್ಟ. ಪ್ರತಿ ಉಂಡೆ ಮೇಲೂ ಗಿಣಿ ಅಚ್ಚು. ಗಿಣಿಯೋರು ಸಾಲಾಗಿ ನಿಂತು ಕೊಂಡ್ರು. 'ಮೀನೋರ ಅಂಗಡೀಲಿ ಇಂಥ ಮೇಣ ಎಲ್ಲೈತೆ?' ಅಂತ ಹೇಳ್ಕೊಂಡು ಕೊಂಡ್ರು!

ರೈತನೂ ಒಂದುಂಡೆ ತಂದು ಬಿರುಕಿಗೆ ತುಂಬ್ದ. ಮಣೆ ಫಳಫಳ ಹೊಳೀತು. ಸಂಜೆ ಜಗಲಿ ಮೇಲೆ ಹಾಸಿ, ಬೀಜ ಹಂಚಿ ಕೂತ. ಯಾರೂ ಬರ್ಲಿಲ್ಲ. ಎದ್ದು ಅಕ್ಕನ ಮನೆಗೆ ಹೋದ. ಮಗ್ಗದ ಸದ್ದಿಲ್ಲ. ಅಕ್ಕ ಬಾಗಿಲಲ್ಲೇ ನಿಂತಿದ್ಲು, ಒಳಗೆ ಬಾ ಅನ್ಲಿಲ್ಲ.

"ಭಾವ ಎಲ್ಲಕ್ಕಾ? ಆಟಕ್ಕೆ ಬರ್ಲಿಲ್ವಲ್ಲ."

"ಬಟ್ಟೆ ಗಂಟು ಹೊತ್ಕೊಂಡು ಗೊತ್ತಿಲ್ಲದ ಊರಿಗೆ ಹೋದ್ರು ಕಣೋ. ಇಲ್ಲಿ ಮಾರೋ ಹಾಗಿಲ್ವಲ್ಲ. ನೀನ್ ಹೋಗು, ನಿನ್ ಗಿಣೀನೇ ಎದುರಿಗೆ ಕೂರಿಸ್ಕೊಂಡು ಆಡು."

ಬಾಗಿಲು ಹಾಕ್ಕೊಂಡ್ಲು.

ಉಸ್ತಾದ್ರು ಅಲ್ಲಿಗೆ ನಿಲ್ಸಿದ್ರು. ನಾವೆಲ್ಲ ಕುದೀತಿದ್ವಿ. ನಂಗಂತೂ ಆ ವ್ಯಾಪಾರಿ ಕೈಗೆ ಸಿಕ್ಕಿದ್ರೆ ಮಟ್ಟೀಲಿ ಕೆಡವಿ ತುಳಿಯೋ ಅಷ್ಟು ಸಿಟ್ಟು. ಲೋಹಿತನಿಗೆ ನಮ್ಮೆಲ್ರಿಗಿಂತ ಜಾಸ್ತಿ! ಅವನು ತೊಡೆ ಬಡ್ಕೊಂಡು ಎದ್ದೇ ನಿಂತ.

"ಥೂ, ಅವನೂ ಒಬ್ಬ ಮನುಷ್ಯನಾ ಉಸ್ತಾದ್ರೆ? ವ್ಯಾಪಾರಿ ಕಳ್ಳ, ಸರಿ. ಆದ್ರೆ ಆ ರೈತ! ತನ್ ಮಣೆ ಬಿರಿದಿರೋದು ತನಗೇ ಗೊತ್ತಿದ್ರೂ ಬಾಯಿ ಮುಚ್ಕೊಂಡು, ಎದುರಿಗೆ ನಿಂತು ಬೇಡ್ಕೊಂಡೋನ ಹೊಟ್ಟೆ ಮೇಲೆ ಹೊಡೆದ್ನಲ್ಲ! ಅಂಥೋನನ್ನ ಊರಲ್ಲಿ ಇಟ್ಕೋಬಾರ್ದು!"

ಆ ಮೂಲೇಲಿ ಕೂತಿದ್ದ ಜಯಂತ ತಲೆ ಎತ್ತಿ ನೋಡ್ದ.

ಉಸ್ತಾದ್ರು ಲೋಹಿತನ್ನ ನೋಡ್ತಾ, ದನಿ ಏರಿಸದೆ ಕೇಳಿದ್ರು:

"ಅದಿರ್ಲಿ ಲೋಹಿ, ನಿನ್ ಪೆಟ್ಟಿಗೆ ಕೆಟ್ಟು ಎಷ್ಟ್ ದಿನ ಆಯ್ತಪ್ಪ?"

ಎದ್ದು ನಿಂತಿದ್ದ ಲೋಹಿತ ಜಯಂತನ ಕಡೆ ಒಂದ್ಸಲ ನೋಡಿ, ಹಾಗೇ ಕೂತ್ಕೊಂಡ.