ತಲೆದೂಗದ ಸಾಹುಕಾರ

"ಬುದ್ಧಿ, ನಾನು ಮೊದಲಿನಂತೆ ಆಗುವುದು ಯಾವಾಗ?" ಎಂದು ಶಿಷ್ಯ ಗುರುಪಾದ ಕೇಳಿದ.

ಅವನು ಕೂತಿದ್ದ ಬಸ್ಸಿಗೆ ಹಿಂದಿನಿಂದ ಲಾರಿ ಗುದ್ದಿ ಎಂಟು ತಿಂಗಳಾಗಿತ್ತು. ಆ ಹೊಡೆತಕ್ಕೆ ಕುತ್ತಿಗೆ ಹಿಂದಕ್ಕೂ ಮುಂದಕ್ಕೂ ಜಗ್ಗಿ ಉಳುಕಿತ್ತು. ಮೂಳೆ ನೆಟ್ಟಗಿದೆ, ಇನ್ನು ಕುತ್ತಿಗೆಗೆ ಪಟ್ಟಿ ಬೇಡ, ದಿನವೂ ಮೆಲ್ಲಗೆ ಕುತ್ತಿಗೆ ಆಡಿಸು ಎಂದು ಡಾಕ್ಟರು ಹೇಳಿದ್ದರು. ಪಟ್ಟಿಯನ್ನೇನೋ ತೆಗೆದ, ಆದರೆ ಕುತ್ತಿಗೆ ಆಡಿಸಲಿಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದ. ಮಠದ ಭಜನೆಯಲ್ಲಿ ತಾಳ ಹಿಡಿಯುವುದನ್ನೂ ಬಿಟ್ಟಿದ್ದ. ಆ ದಿನಗಳು ಇನ್ನು ಬರುವುದಿಲ್ಲವೆಂಬ ದುಃಖ ಅವನನ್ನು ನೋವಿಗಿಂತ ಹೆಚ್ಚು ಕಾಡುತ್ತಿತ್ತು.

ಗುರುಗಳು, "ಒಂದು ಕತೆ ಹೇಳುತ್ತೇನೆ. ಹೂಂಗುಟ್ಟುವವರಿಲ್ಲದೆ ನನಗೆ ಕತೆ ಹೇಳಲು ಬರುವುದಿಲ್ಲ," ಎಂದರು.

"ತಲೆಯಾಡಿಸಲು ಆಗುವುದಿಲ್ಲ ಬುದ್ಧಿ. ಬಾಯಲ್ಲೇ ಹೂಂ ಅನ್ನುತ್ತೇನೆ."

"ಅಷ್ಟೇ ಸಾಕು," ಎಂದು ಗುರುಗಳು ಕತೆ ಶುರುಮಾಡಿದರು.

ನಾನು ಹುಟ್ಟಿದ ಊರಿನಲ್ಲಿ ಒಬ್ಬ ಬಟ್ಟೆ ಸಾಹುಕಾರನಿದ್ದ. ಅವನಿಗೆ ಒಬ್ಬ ಹಾಡುಗಾರ ಗೆಳೆಯ. ಸಂಜೆ ಅಂಗಡಿಯ ಬಾಗಿಲು ಹಾಕಿದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂರುತ್ತಿದ್ದರು. ಒಬ್ಬ ತಂಬೂರಿ ಹಿಡಿದು ಹಾಡುವನು, ಇನ್ನೊಬ್ಬ ತಲೆದೂಗುವನು. ಎಂಥ ಸಂಜೆಗಳವು! ನೆನೆದರೆ ಈಗಲೂ ನನ್ನ ಎದೆ ಭಾರವಾಗುತ್ತದೆ. ಕೇಳಲು ಊರೆಲ್ಲ ಬರುತ್ತಿತ್ತು, ಆದರೆ ಹಾಡುಗಾರನ ಕಣ್ಣು ಮಾತ್ರ ಗೆಳೆಯನ ತಲೆಯ ಮೇಲೇ ಇರುತ್ತಿತ್ತು. ಅದು ಆಡಿದರೆ ಅವನಿಗೆ ಮುಂದಿನ ಸಾಲು ಹುಟ್ಟುತ್ತಿತ್ತು.

ಗುರುಪಾದ ಹೂಂ ಎಂದ.

ಒಂದು ದಿನ ಸಾಹುಕಾರ ಸಂತೆಯಿಂದ ಬರುವಾಗ ಇಳಿಜಾರಿನಲ್ಲಿ ಹಿಂದಿನ ಗಾಡಿ ಬಂದು ಇವನ ಗಾಡಿಗೆ ಗುದ್ದಿತು. ಕುತ್ತಿಗೆ ಉಳುಕಿತು. ಪಂಡಿತರು ಎಣ್ಣೆ ಕೊಟ್ಟರು, ಶಾಖ ಕೊಡಲು ಹೇಳಿದರು. ದಿನಕ್ಕೆ ಇಷ್ಟಿಷ್ಟೇ ಆಡಿಸಬೇಕು ಎಂದೂ ಹೇಳಿದರು. ಎಣ್ಣೆ, ಶಾಖ ಎರಡೂ ನಡೆದವು. ಆಡಿಸುವುದು ಮಾತ್ರ ನಡೆಯಲಿಲ್ಲ. ಆಡಿಸಿದರೆ ಎಲ್ಲಿ ಮುರಿದೀತೋ ಎಂಬ ಭಯ. ಗೆಳೆಯ ವಿಚಾರಿಸಿದಾಗ, ಅವನು ನೊಂದುಕೊಂಡಾನೆಂದು, ಎಲ್ಲ ವಾಸಿಯಾಯಿತು ಎಂದುಬಿಟ್ಟ. ಚಳಿಗೆ ಹೊದ್ದವನ ಹಾಗೆ ಕುತ್ತಿಗೆಗೆ ಶಾಲು ಸುತ್ತಿಕೊಂಡು ಜಗಲಿಯ ಕಂಬಕ್ಕೆ ಜೊತೆಯಾಗಿ ಇನ್ನೊಂದು ಕಂಬದಂತೆ ಕೂತ.

ಗುರುಪಾದ ಹೂಂ ಎಂದ.

ಹಾಡುಗಾರ ಹಾಡಿದ. ತಲೆ ಆಡಲಿಲ್ಲ. ಮರುದಿನವೂ ಆಡಲಿಲ್ಲ. ಮೂರು ತಿಂಗಳು ಹೀಗೇ ಕಳೆಯಿತು. ಒಂದು ಸಂಜೆ ಅವನು ಬಂದು ಸುಮ್ಮನೆ ಕೂತ. ತಂಬೂರಿ ಗೂಟದಲ್ಲೇ ಇತ್ತು.

"ಯಾಕಯ್ಯಾ, ತಂಬೂರಿ ಮುಟ್ಟಲೇ ಇಲ್ಲವಲ್ಲ?" ಎಂದು ಸಾಹುಕಾರ ಕೇಳಿದ.

"ನನ್ನ ಹಾಡು ಕೆಟ್ಟುಹೋಯ್ತು ಸಾವ್ಕಾರ್ರೇ. ನೀವು ತಲೆದೂಗಿ ಮೂರು ತಿಂಗಳಾಯ್ತು. ಚೆನ್ನಾಗಿಲ್ಲ ಅಂತ ಬಾಯಿಬಿಟ್ಟು ಹೇಳಲಿಲ್ಲ, ಅದು ನಿಮ್ಮ ದೊಡ್ಡತನ. ಇನ್ನು ನಾನು ಹಾಡೋದಿಲ್ಲ."

ಸಾಹುಕಾರನಿಗೆ ಅಳು ಬಂತು. ಶಾಲು ಬಿಚ್ಚಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹಾಡುಗಾರ ಎದ್ದು ತಂಬೂರಿ ಇಳಿಸಿಕೊಂಡ. ಮೊದಲಿನಿಂದ ಹಾಡುತ್ತಿದ್ದ ಹಳೆಯ ಹಾಡೊಂದನ್ನು, ಎಂದೂ ಹಾಡದಷ್ಟು ನಿಧಾನವಾಗಿ ಹಾಡಿದ. ಸಾಹುಕಾರನ ತಲೆ ಒಂದು ಭತ್ತದ ಕಾಳಿನಷ್ಟು ಆಡಿತು. ನೋವಾಯಿತು. ಕುತ್ತಿಗೆ ಮುರಿಯಲಿಲ್ಲ.

ಮರುದಿನ ಮತ್ತೆ ಹಾಡು. ಒಮ್ಮೊಮ್ಮೆ ಸಾಹುಕಾರ ಹುರುಪಿನಲ್ಲಿ ಹೆಚ್ಚು ಆಡಿಸಿ ಮರುದಿನವೆಲ್ಲ ಮಲಗುತ್ತಿದ್ದ. ಆಗ ಹಾಡುಗಾರ, "ನಿನ್ನೆ ಜಾಸ್ತಿ ಮೆಚ್ಚಿಕೊಂಡ್ರಿ. ಇವತ್ತು ಸ್ವಲ್ಪ ಕಡಿಮೆ ಮೆಚ್ಚಿಕೊಳ್ಳಿ," ಎಂದು ರೇಗಿಸುತ್ತಿದ್ದ. ಹಾಗೆಂದು ಒಂದು ದಿನವೂ ಹಾಡು ತಪ್ಪಿಸಲಿಲ್ಲ.

ಆ ಜಗಲಿ ಗುರುಗಳ ಕಣ್ಣ ಮುಂದೆ ಇದ್ದಂತಿತ್ತು. ಗುರುಪಾದನಿಂದ ಹೂಂ ಬರಲಿಲ್ಲ. ಯಾಕೆಂದು ಗುರುಗಳು ಕೇಳಲೂ ಇಲ್ಲ, ಮುಂದುವರಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಸಾಹುಕಾರ ಮತ್ತೆ ತಲೆದೂಗುತ್ತಿದ್ದ. ಆದರೆ ಆ ಹಳೆಯ ಹಾಡಿನ ಎರಡನೇ ಸಾಲಿನಲ್ಲಿ ಎಡಕ್ಕೆ ಬಂದಾಗ ಆ ತಲೆ ಒಂದು ಗಳಿಗೆ ತಡೆದು ನಿಲ್ಲುತ್ತಿತ್ತು. ಅಲ್ಲಿ ಹಾಡುಗಾರನೂ ನಿಂತು ಕಾಯುತ್ತಿದ್ದ. ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ನಮ್ಮೂರಿನವರು ಇವತ್ತಿಗೂ ಆ ಹಾಡಿನ ಎರಡನೇ ಸಾಲಿನಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಾರೆ. ಯಾಕೆಂದು ಅವರಿಗೆ ಗೊತ್ತಿಲ್ಲ. ನನಗೆ ಮಾತ್ರ ಹಾಡಿನಲ್ಲಿ ಆ ಜಾಗವೇ ಬಹಳ ಇಷ್ಟ.

ಗುರುಪಾದನ ಕಣ್ಣು ತುಂಬಿತ್ತು. "ಹಾಗಾದರೆ ಅವನು ಮೊದಲಿನಂತೆ ಆಗಲೇ ಇಲ್ಲವೇ ಬುದ್ಧಿ?"

ಗುರುಗಳು ನಕ್ಕರು.

"ಅದಿರಲಿ ಮಗು, ನೀನು ಹೂಂ ಅನ್ನುವುದನ್ನು ಬಿಟ್ಟು ಆಗಿನಿಂದ ತಲೆದೂಗುತ್ತಲೇ ಇದ್ದೀಯಲ್ಲ!"